ಬಣ್ಣ ಕಮ್ಮಿಯಾದಷ್ಟೂ ಚೆನ್ನಾಗಿ ಮರೆಯಾದ ಅಲೆಕ್ ಗಿನ್ನೆಸ್

ಅಲೆಕ್ ಗಿನ್ನೆಸ್ ಬಗ್ಗೆ ಒಂದು ಕತೆ ಓಡಾಡ್ತಿರುತ್ತೆ. ಯಾವುದೋ ದೊಡ್ಡ ಹೋಟೆಲ್ಲಿಗೆ ಊಟಕ್ಕೆ ಹೋಗಿದ್ದಾನೆ, ಬಾಗಿಲ ಹತ್ರ ಕೋಟು ಹ್ಯಾಟು ಇಸ್ಕೊಳ್ಳೋ ಕೌಂಟರ್ ಇರುತ್ತಲ್ಲ, ಅಲ್ಲಿ ಎಲ್ಲಾ ಕೊಟ್ಟು ಟೋಕನ್ ಕೇಳಿದ್ರೆ ಅಲ್ಲಿದ್ದವನು ಅದೆಲ್ಲ ಬೇಕಾಗಿಲ್ಲ ಸಾರ್ ಅಂದನಂತೆ. ಪರವಾಗಿಲ್ವೇ, ಗುರುತು ಹಿಡಿದ್ಬಿಟ್ಟ ಅಂತ ಇವನಿಗೆ ಒಳಗೊಳಗೇ ಖುಷಿ. ಊಟ ಮುಗಿಸಿ ಬಂದು ಕೋಟು ಹಾಕ್ಕೊಂಡು ಜೇಬಿಗೆ ಕೈ ಬಿಟ್ರೆ ಒಂದು ಚೀಟಿ. ಅದರಲ್ಲಿ ಬರೆದಿದ್ದು ಇಷ್ಟೇ: ಬೋಳು ತಲೆ, ಕನ್ನಡಕ.

ಅಷ್ಟೊತ್ತಿಗೆ ಈ ಬೋಳು ತಲೆ ಇಂಗ್ಲೆಂಡಿನ ಅತಿ ದೊಡ್ಡ ನಟರಲ್ಲೊಬ್ಬ. ಆಸ್ಕರ್ ಇದೆ, ನ್ಯೂಯಾರ್ಕಿನ ರಂಗಭೂಮಿಯ ಟೋನಿ ಪ್ರಶಸ್ತಿ ಇದೆ, 1959ರಲ್ಲಿ ರಾಣಿ ಸರ್ ಪದವಿ ಕೊಟ್ಟಾಗಿದೆ. ಆದ್ರೂ ರಸ್ತೇಲಿ ಹೋದ್ರೆ ಯಾರೂ ತಿರುಗಿ ನೋಡಲ್ಲ. ಕೆನೆತ್ ಟೈನನ್ ಅನ್ನೋ ವಿಮರ್ಶಕ ಇದನ್ನೇ ಇನ್ನೊಂದು ತರ ಹೇಳಿದ್ದ, ಈ ಮನುಷ್ಯ ಯಾವತ್ತಾದ್ರೂ ಕೊಲೆ ಮಾಡಿ ಪೊಲೀಸರು ಇವನ ಚಹರೆ ಹೊರಡಿಸಿದ್ರೆ ತಪ್ಪಾಗಿ ಅರೆಸ್ಟ್ ಆಗೋರ ಸಂಖ್ಯೆ ಎಲ್ಲಾ ರೆಕಾರ್ಡು ಮುರಿಯುತ್ತೆ ಅಂತ.

ನಾನು ಈತನನ್ನ ಪೂರ್ತಿ ಉಲ್ಟಾ ಕ್ರಮದಲ್ಲಿ ನೋಡಿದವನು. ಮೊದಲು ಸ್ಟಾರ್ ವಾರ್ಸ್‌ನ ಗಡ್ಡದ ಮುದುಕ, ಆಮೇಲೆ ನಮ್ಮ ರಾಮನಗರದ ಬೆಟ್ಟ ಕಾಣುತ್ತೆ ಅನ್ನೋ ಒಂದೇ ಆಸೆಗೆ ಎ ಪ್ಯಾಸೇಜ್ ಟು ಇಂಡಿಯಾ, ಆಮೇಲೆ ಕ್ವಾಯ್ ನದಿ ಸೇತುವೆ, ಅದಾದ್ಮೇಲೆ ಹಳೇ ಬ್ಲಾಕ್ ಅಂಡ್ ವೈಟ್ ಕಾಮಿಡಿಗಳು, ಕೊನೆಗೆ ಬಿಬಿಸಿ ಸೀರಿಯಲ್ಲು. ಎಲ್ಲಾ ಮುಗಿದ್ಮೇಲೆ ತಲೇಲಿ ಕೂತಿದ್ದು ಒಂದೇ ವಿಷಯ. ಸಾವಿರ ಮುಖದ ನಟ, ಮೇಕಪ್ ಮಾಂತ್ರಿಕ ಅಂತೆಲ್ಲ ಈತನ್ನ ಹೊಗಳ್ತಾರೆ. ಆದ್ರೆ ಈತ ನಿಜಕ್ಕೂ ಮಾಯ ಆಗಿದ್ದು ಮೇಕಪ್ ಬಿಟ್ಟಾಗ. ಬಣ್ಣ ದಪ್ಪ ಆದಾಗೆಲ್ಲ ಏನೋ ಒಂದು ಎಡವಟ್ಟು.

ಹೆಸರಿನಿಂದಲೇ ಶುರು ಮಾಡ್ಬೇಕು ಅನ್ಸುತ್ತೆ. 1914ರ ಏಪ್ರಿಲ್ 2ಕ್ಕೆ ಲಂಡನ್ನಲ್ಲಿ ಹುಟ್ಟಿದ್ದು. ತಾಯಿ ಆಗ್ನೆಸ್ ಕಫ್, ಮದುವೆ ಆಗಿರಲಿಲ್ಲ. ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಅಲೆಕ್ ಗಿನ್ನೆಸ್ ಅಂತಿದೆ, ಅಪ್ಪನ ಹೆಸರಿನ ಜಾಗ ಖಾಲಿ. ಬ್ಯಾಂಕಿನ ಒಬ್ಬ ದೊಡ್ಡ ಮನುಷ್ಯ ಆಗಾಗ ಬಂದು ಹೋಗ್ತಿದ್ದ, ಸ್ಕೂಲ್ ಫೀಸು ಅವನದ್ದೇ, ಅವನೇ ಅಪ್ಪ ಇರ್ಬೇಕು ಅಂತ ಇವನ ಅನುಮಾನ, ಅದು ಅನುಮಾನವಾಗೇ ಉಳೀತು. ಮಧ್ಯದಲ್ಲಿ ತಾಯಿ ಒಬ್ಬ ಆರ್ಮಿ ಕ್ಯಾಪ್ಟನ್ನನ್ನ ಮದುವೆ ಆಗಿ ಸ್ವಲ್ಪ ವರ್ಷ ಆ ಮನೆಹೆಸರು. ಹದಿನಾಲ್ಕು ವರ್ಷ ತುಂಬೋಷ್ಟ್ರಲ್ಲಿ ಮೂರು ಹೆಸರು, ಮೂವತ್ತರ ಆಸುಪಾಸು ಬಾಡಿಗೆ ಮನೆ, ಲಾಡ್ಜು, ಹೋಟೆಲ್ ರೂಮು ಅಂತ ಆತ್ಮಕತೆಯಲ್ಲಿ ಆತನೇ ಬರ್ಕೊಂಡಿದ್ದಾನೆ. ಇಂಥ ಹುಡುಗ ನಟ ಆಗದೆ ಇನ್ನೇನಾಗ್ತಾನೆ ಅಂತ ಸುಲಭವಾಗಿ ಹೇಳ್ಬಿಡಬಹುದು, ಅದು ಪೂರ್ತಿ ಸರಿ ಅಂತ ನನಗನ್ಸಲ್ಲ, ಅಪ್ಪ ಇಲ್ಲದ ಎಷ್ಟೋ ಮಕ್ಕಳು ಬ್ಯಾಂಕ್ ಗುಮಾಸ್ತರೂ ಆಗಿದ್ದಾರೆ. ಆದ್ರೆ ಒಂದು ಮಾತು ನಿಜ, ಸುತ್ತ ಇರೋ ದೊಡ್ಡವರ ಮುಖ ನೋಡ್ತಾ ಇವತ್ತು ಹವಾಮಾನ ಹೇಗಿದೆ ಅಂತ ಅಳೆಯೋದು ಅಂಥ ಮಗುವಿಗೆ ಬೇಗ ಬಂದ್ಬಿಡುತ್ತೆ.

ಸ್ಕೂಲು ಮುಗಿಸಿ ಜಾಹೀರಾತು ಕಂಪನಿಯಲ್ಲಿ ಕಾಪಿ ಬರೆಯೋ ಕೆಲಸ. ಮನಸ್ಸೆಲ್ಲ ನಾಟಕದ ಮೇಲೆ. ಆ ಕಾಲಕ್ಕೆ ಲಂಡನ್ನಲ್ಲಿ ಜಾನ್ ಗೀಲ್ಗುಡ್ ಅಂದ್ರೆ ದೇವರು, ಹುಡುಗ ಅವರಿಗೇ ಫೋನ್ ಮಾಡಿ ನಟನೆ ಕಲಿಯೋಕೆ ಯಾರ ಹತ್ರ ಹೋಗ್ಲಿ ಅಂತ ಕೇಳಿದ. ಅವರು ಮಾರ್ಟಿಟಾ ಹಂಟ್ ಅನ್ನೋ ನಟಿ ಹತ್ರ ಕಳ್ಸಿದ್ರು. ಆಮೇಲೆ ಒಂದು ನಾಟಕ ಶಾಲೇಲಿ ಸ್ಕಾಲರ್‌ಶಿಪ್ಪು. 1934ರ ಏಪ್ರಿಲ್ 2, ಇಪ್ಪತ್ತು ತುಂಬಿದ ದಿನವೇ ಮೊದಲ ವೃತ್ತಿ ನಾಟಕ, ಅದರಲ್ಲಿ ಮಾತಿಲ್ಲದ ಪಾತ್ರ. ನಂತರದ ತಿಂಗಳುಗಳಲ್ಲಿ ಕೆಲಸ ಇಲ್ಲ, ಹೊಟ್ಟೆಗಿಲ್ಲ. ಗೀಲ್ಗುಡ್ ಪರಿಸ್ಥಿತಿ ನೋಡಿ ಇಪ್ಪತ್ತು ಪೌಂಡ್ ತಗೋ ಅಂದ್ರೆ ಇವನು ಮರ್ಯಾದೆಗೆ ಅಂಜಿ ಬೇಡ ಅಂದ್ಬಿಟ್ಟ, ಜೇಬಲ್ಲಿ ಚಿಲ್ಲರೆ ಕಾಸು. ನಡ್ಕೊಂಡು ವಾಪಸ್ ಬರ್ತಾ ಪಿಕಡಿಲಿಯ ಥಿಯೇಟರ್‌ಗೆ ನುಗ್ಗಿ ಕೆಲಸ ಕೇಳಿದ. ಸಿಕ್ತು. ಒಂದೇ ನಾಟಕದಲ್ಲಿ ಚೀನೀ ಕೂಲಿ, ಫ್ರೆಂಚ್ ಕಡಲ್ಗಳ್ಳ, ಇಂಗ್ಲಿಷ್ ನಾವಿಕ, ಮೂರೂ ಇವನೇ. ಅದೇ ವರ್ಷದ ಕೊನೇಲಿ ಗೀಲ್ಗುಡ್ ತಮ್ಮ ಹ್ಯಾಮ್ಲೆಟ್‌ನಲ್ಲಿ ಆಸ್ರಿಕ್ ಪಾತ್ರ ಕೊಟ್ರು. ಸಣ್ಣ ಪಾತ್ರ, ಆದ್ರೆ ಜನ ಕಣ್ಣಿಟ್ಟು ನೋಡಿದ್ರು.

ಇಪ್ಪತ್ನಾಲ್ಕಕ್ಕೆ ಲಂಡನ್ನಿನ ಓಲ್ಡ್ ವಿಕ್ ಥಿಯೇಟರ್‌ನಲ್ಲಿ ಟೈರೋನ್ ಗತ್ರಿ ನಿರ್ದೇಶನದಲ್ಲಿ ತಾನೇ ಹ್ಯಾಮ್ಲೆಟ್ ಆದ, ರಾಜರ ಕಾಲದ ಉಡುಪು ಬಿಟ್ಟು ಆಗಿನ ಕಾಲದ ಬಟ್ಟೇಲಿ, ಒಂದು ಸಾಲೂ ಕತ್ತರಿಸದ ಪೂರ್ತಿ ನಾಟಕ. ಅದೇ 1938ರಲ್ಲಿ ನಟಿ ಮೆರುಲಾ ಸಲಮನ್ ಜೊತೆ ಮದುವೆ. ಮುಂದಿನ ವರ್ಷ ಡಿಕನ್ಸ್‌ನ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯನ್ನ ತಾನೇ ನಾಟಕಕ್ಕೆ ಇಳಿಸಿ ಅದರಲ್ಲಿ ಹರ್ಬರ್ಟ್ ಪಾಕೆಟ್ ಆದ, ತನ್ನ ಹಳೇ ಟೀಚರ್ ಮಾರ್ಟಿಟಾ ಹಂಟ್‌ಗೆ ಮಿಸ್ ಹ್ಯಾವಿಶಮ್ ಪಾತ್ರ. ಪ್ರೇಕ್ಷಕರಲ್ಲಿ ಡೇವಿಡ್ ಲೀನ್ ಅನ್ನೋ ಫಿಲಂ ಎಡಿಟರ್ ಕೂತಿದ್ದ. ಯುದ್ಧ ಮುಗಿದು ಲೀನ್ ನಿರ್ದೇಶಕ ಆಗಿ 1946ರಲ್ಲಿ ಅದೇ ಕತೆ ಸಿನಿಮಾ ಮಾಡಿದಾಗ ಇಬ್ಬರನ್ನೂ ಅದೇ ಪಾತ್ರಗಳಿಗೆ ಕರ್ಕೊಂಡ.

ಯುದ್ಧದಲ್ಲಿ ಈತ ನೌಕಾಪಡೆ. 1943ರ ಸಿಸಿಲಿ ದಾಳೀಲಿ ಸೈನಿಕರನ್ನ ದಡಕ್ಕೆ ಇಳಿಸೋ ಒಂದು ಹಡಗಿನ ಕಮಾಂಡ್ ಇವನ ಕೈಲಿ. ದಾಳಿ ಸ್ವಲ್ಪ ಮುಂದೂಡಿದ್ದಾರೆ ಅನ್ನೋ ಸಂದೇಶ ತಲುಪದೆ ಎಲ್ಲರಿಗಿಂತ ಮುಂಚೆ ದಡ ಮುಟ್ಟಿಬಿಟ್ಟ. ಮೇಲಧಿಕಾರಿ ಬಂದು ರೇಗಿದ್ದಕ್ಕೆ, ಲಂಡನ್ ಥಿಯೇಟರ್‌ಗಳಲ್ಲಿ ಎಂಟಕ್ಕೆ ಪರದೆ ಏಳುತ್ತೆ ಅಂದ್ರೆ ಎಂಟಕ್ಕೇ ಏಳುತ್ತೆ ಸಾರ್, ನೌಕಾಪಡೆಯೋರು ಕಲೀಬಹುದು ಅಂದನಂತೆ. ಈ ಕತೆ ಹೇಳಿದ್ದು ಗಿನ್ನೆಸ್ಸೇ, ಹಾಗಾಗಿ ಡೈಲಾಗಿಗೆ ಸ್ವಲ್ಪ ಪಾಲಿಶ್ ಬಿದ್ದಿರುತ್ತೆ ಅಂತ ಇಟ್ಕೊಳ್ಳಿ.

ಈಗ ಮೂಗಿನ ವಿಷಯಕ್ಕೆ ಬರ್ತೀನಿ. 1948ರ ಆಲಿವರ್ ಟ್ವಿಸ್ಟ್. ಮಕ್ಕಳಿಗೆ ಜೇಬುಗಳ್ಳತನ ಕಲಿಸೋ ಮುದುಕ ಫೇಗಿನ್ ಪಾತ್ರ ನಂಗೆ ಕೊಡು ಅಂತ ಗಿನ್ನೆಸ್ ಕೇಳಿದ್ರೆ ಲೀನ್‌ಗೆ ಮನಸ್ಸಿಲ್ಲ. ಮೂವತ್ಮೂರರ ನಯವಾದ ಹುಡುಗ, ಎಲ್ಲಿ ಫೇಗಿನ್ ಎಲ್ಲಿ ಇವನು. ಒಂದು ಟೆಸ್ಟ್ ತಗೊಳ್ಳಿ ಅಂತ ಹೇಳಿ ಪೂರ್ತಿ ಮೇಕಪ್ ಹಾಕ್ಕೊಂಡೇ ಬಂದ, ಲೀನ್ ಬಾಯಿ ಮುಚ್ಕೊಂಡು ಒಪ್ಕೊಂಡ. ಮೇಕಪ್ ಮಾಡಿದ್ದು ಸ್ಟುವರ್ಟ್ ಫ್ರೀಬಾರ್ನ್. ನೂರು ವರ್ಷ ಮೊದಲು ಡಿಕನ್ಸ್‌ನ ಪುಸ್ತಕಕ್ಕೆ ಅಂತ ಜಾರ್ಜ್ ಕ್ರುಯಿಕ್‌ಶ್ಯಾಂಕ್ ಬರೆದ ಚಿತ್ರಗಳೇ ಅದಕ್ಕೆ ಮಾದರಿ. ಉದ್ದ ಕೊಕ್ಕಿನಂಥ ಮೂಗು, ಜೋತುಬಿದ್ದ ಕಣ್ರೆಪ್ಪೆ, ಕೆದರಿದ ಗಡ್ಡ. ಆ ಪಾತ್ರ ಯಹೂದಿ. ಸಿನಿಮಾ ಬಂದಿದ್ದು ಹಿಟ್ಲರನ ಕ್ಯಾಂಪುಗಳ ಬಾಗಿಲು ತೆಗೆದು ಮೂರೇ ವರ್ಷಕ್ಕೆ. 1949ರಲ್ಲಿ ಬರ್ಲಿನ್ನಿನ ಥಿಯೇಟರ್ ಮುಂದೆ ಗಲಾಟೆ ಆಯ್ತು, ಪ್ರತಿಭಟನೆಗೆ ನಿಂತೋರಲ್ಲಿ ಆ ಕ್ಯಾಂಪುಗಳಿಂದ ಬದುಕಿ ಬಂದೋರಿದ್ರು. ಅಮೆರಿಕಾದಲ್ಲಿ 1951ರ ತನಕ ಬಿಡುಗಡೆ ಇಲ್ಲ, ಬಿಟ್ಟಾಗಲೂ ಫೇಗಿನ್ ಇರೋ ಕೆಲವು ಭಾಗ ಕತ್ತರಿಸಿ ಬಿಟ್ರು.

ಅಭಿನಯ ಅಂತ ನೋಡಿದ್ರೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಧ್ವನಿ, ಬೆನ್ನಿನ ಬಾಗು, ಕೈ ಬೆರಳು ಆಡೋ ರೀತಿ, ಎಲ್ಲೂ ಗಿನ್ನೆಸ್ ಸಿಗಲ್ಲ. ಆದ್ರೆ ಅಲ್ಲಿ ಆತ ನೋಡಿ ಕಲ್ತಿದ್ದು ಮನುಷ್ಯನನ್ನಲ್ಲ, ಒಂದು ಚಿತ್ರವನ್ನ, ಅದೂ ಹಳೇ ಪೂರ್ವಗ್ರಹ ತುಂಬಿದ ಚಿತ್ರವನ್ನ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತೆ. (ಫ್ರೀಬಾರ್ನ್ ಬಗ್ಗೆ ಒಂದು ಸಣ್ಣ ಮಾತು: ಮೂವತ್ತು ವರ್ಷ ಆದ್ಮೇಲೆ ಸ್ಟಾರ್ ವಾರ್ಸ್‌ನ ಚ್ಯುಬಾಕಾನನ್ನ, ಅದರ ಹಿಂದೆಯೇ ಯೋಡಾನನ್ನ ಮಾಡಿದ್ದೂ ಇದೇ ಮನುಷ್ಯ.)

ಮರುವರ್ಷ ಈಲಿಂಗ್ ಸ್ಟುಡಿಯೋದ ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್. ಡ್ಯೂಕ್ ಪದವಿಗೆ ಅಡ್ಡ ಇರೋ ಸಂಬಂಧಿಕರನ್ನೆಲ್ಲ ಒಬ್ಬೊಬ್ಬರಾಗಿ ಮೇಲಕ್ಕೆ ಕಳಿಸೋ ಒಬ್ಬ ಶಿಸ್ತಿನ ಯುವಕನ ಕತೆ, ಕೊಲೆಗಾರನಾಗಿ ಡೆನ್ನಿಸ್ ಪ್ರೈಸ್. ಸಾಯೋ ಸಂಬಂಧಿಕರಲ್ಲಿ ನಾಲ್ಕು ಜನರ ಪಾತ್ರ ಮಾಡ್ತೀಯಾ ಅಂತ ಕೇಳಿದ್ರೆ ಗಿನ್ನೆಸ್ ನಾಲ್ಕೇ ಯಾಕೆ, ಎಂಟೂ ಕೊಡಿ ಅಂದ. ಡ್ಯೂಕು, ಬ್ಯಾಂಕರ್ರು, ಪಾದ್ರಿ, ಜನರಲ್ಲು, ಅಡ್ಮಿರಲ್ಲು, ಫೋಟೋ ಹುಚ್ಚಿನ ಹುಡುಗ, ಇನ್ನೊಬ್ಬ ಪೋಲಿ ಹುಡುಗ, ಜೊತೆಗೆ ಹೆಂಗಸರ ಮತದ ಹಕ್ಕಿಗೆ ಬಲೂನ್ ಹತ್ತಿ ಪಾಂಪ್ಲೆಟ್ ಎಸೆಯೋ ಲೇಡಿ ಅಗಾಥಾ. ಆ ಆಕೆ ಬಲೂನಿಗೆ ಬಾಣ ಬಿದ್ದು ಕೆಳಗೆ ಬರ್ತಾಳೆ.

ಒಂದು ಶಾಟ್ ಬಗ್ಗೆ ಹೇಳ್ಲೇಬೇಕು. ಚರ್ಚಿನಲ್ಲಿ ಆರು ಜನ ಗಿನ್ನೆಸ್‌ಗಳು ಒಂದೇ ಫ್ರೇಮಲ್ಲಿ. ಕಂಪ್ಯೂಟರ್ ಎಲ್ಲಿಂದ ಬರ್ಬೇಕು ಆಗ. ಕ್ಯಾಮೆರಾಮನ್ ಡಗ್ಲಸ್ ಸ್ಲೋಕೊಂಬ್ ಕ್ಯಾಮೆರಾನ ಅಲುಗಾಡದ ಹಾಗೆ ಬಿಗಿದು, ಲೆನ್ಸ್ ಮುಂದೆ ಒಂದು ಸಲಕ್ಕೆ ಒಂದೇ ಭಾಗ ತೆರೆಯೋ ಹಾಗೆ ಕಪ್ಪು ತಡೆ ಕೂರಿಸಿ, ಒಬ್ಬನ ಭಾಗ ಶೂಟ್ ಮಾಡಿ, ಫಿಲಂ ಸುತ್ತಿ ವಾಪಸ್ ತಂದು, ಗಿನ್ನೆಸ್ ಹೋಗಿ ಮೇಕಪ್ ಬಟ್ಟೆ ಬದಲಾಯಿಸ್ಕೊಂಡು ಬರೋ ತನಕ ಕಾದು, ಅದೇ ಫಿಲಂ ಮೇಲೆ ಇನ್ನೊಬ್ಬನ ಭಾಗ. ಒಂದು ಸಲ ಕ್ಯಾಮೆರಾ ಕೂದಲೆಳೆ ಅಲುಗಿದ್ರೂ ಆರೂ ಜನ ಹಾಳು. ರಾತ್ರಿ ಯಾರಾದ್ರೂ ಕಾಲು ತಾಗಿಸ್ಬಿಟ್ಟಾರು ಅಂತ ಸ್ಲೋಕೊಂಬ್ ಸ್ಟುಡಿಯೋದಲ್ಲೇ ಕ್ಯಾಮೆರಾ ಪಕ್ಕ ಮಲಗಿದ್ದ.

ಆ ಎಂಟು ಮುಖ ಗಮನ ಇಟ್ಟು ನೋಡಿದ್ರೆ ಮೇಕಪ್ ಅಷ್ಟೇನಿಲ್ಲ. ಮೀಸೆ, ವಿಗ್ಗು, ಇಬ್ಬರಿಗೆ ಹುಬ್ಬು. ಬೇರೆ ಬೇರೆ ಆಗಿರೋದು ಮೈ ಹೊರೋ ರೀತಿ, ಗಂಟಲು. ಪಾದ್ರಿ ಕತೆ ಹೇಳ್ತಾ ಹೇಳ್ತಾ ತನ್ನ ಬೇಜಾರಿಗೆ ತಾನೇ ತೂಕಡಿಸೋ ತರ ಮಾತಾಡ್ತಾನೆ, ಬ್ಯಾಂಕರ್ ಮುದುಕ ಸುಸ್ತಾದ ಒಳ್ಳೇತನದಲ್ಲಿ. ಆ ಜನ ಇವನಿಗೆ ಗೊತ್ತು. ಬೋರ್ಡಿಂಗ್ ಸ್ಕೂಲಲ್ಲಿ, ರೈಲಲ್ಲಿ, ನೌಕಾಪಡೇಲಿ ಎದುರಿಗೆ ಕೂತು ಊಟ ಮಾಡಿರೋ ಜನ. ದಿ ಲ್ಯಾವೆಂಡರ್ ಹಿಲ್ ಮಾಬ್‌ನ ಬ್ಯಾಂಕ್ ಗುಮಾಸ್ತನೂ ಅಷ್ಟೇ, ಇಪ್ಪತ್ತು ವರ್ಷ ಬೇರೆಯವರ ಚಿನ್ನ ಕಾದು ಕಾದು ಒಂದಿನ ಅದನ್ನೇ ಕದಿಯೋ ಪ್ಲಾನ್ ಹಾಕೋ ಪ್ರಾಮಾಣಿಕ ಮನುಷ್ಯ, ಅದಕ್ಕೆ ಮೊದಲ ಸಲ ನಟನೆಗೆ ಆಸ್ಕರ್ ನಾಮಿನೇಷನ್. 1955ರ ದಿ ಲೇಡಿಕಿಲ್ಲರ್ಸ್‌ನಲ್ಲಿ ಮಾತ್ರ ಉಬ್ಬಿದ ಹಲ್ಲು ಕಟ್ಕೊಂಡಿದ್ದಾನೆ, ಮಜಾ ಇದೆ, ಆದ್ರೆ ನನ್ನ ಕಣ್ಣು ಹಲ್ಲಿನ ಮೇಲೇ ಇರುತ್ತೆ.

ಅದೇ ಹೊತ್ತಿಗೆ ರಂಗದ ಮೇಲೆ ಏನಾಯ್ತು ಅನ್ನೋದು ಬೇರೆ ಕತೆ. ಸಿನಿಮಾ ನೋಡಿ ಮೆಚ್ಚೋರಿಗೆ ಇದು ಗೊತ್ತಿರಲ್ಲ. 1951ರಲ್ಲಿ ಮತ್ತೆ ಹ್ಯಾಮ್ಲೆಟ್, ಈ ಸಲ ನಿರ್ದೇಶನದಲ್ಲೂ ತನ್ನ ಕೈ. ಗಡ್ಡ ಬಿಟ್ಟ ಹ್ಯಾಮ್ಲೆಟ್. ಮೊದಲ ರಾತ್ರಿ ಹೊಸ ಲೈಟಿಂಗ್ ಬೋರ್ಡ್ ಕೈ ಕೊಟ್ಟು, ಕತ್ತಲಿರಬೇಕಾದ ಕಡೆ ಬೆಳಕು, ಬೆಳಕಿರಬೇಕಾದ ಕಡೆ ಕತ್ತಲೆ. ಕೊನೇಲಿ ಜನ ಕೂಗಿದ್ರು, ಪತ್ರಿಕೆಗಳು ಸುಲಿದು ಹಾಕಿದ್ವು. ಆ ನಾಟಕದಲ್ಲಿ ಒಂದು ಸಣ್ಣ ಪಾತ್ರ ಮಾಡಿ ಒದೆ ತಿಂದವನು, ಆಗಲೇ ಹೇಳಿದ್ನಲ್ಲ, ಆ ಕೆನೆತ್ ಟೈನನ್. ಬೈದ ಪತ್ರಿಕೆಗೇ ಒಂದು ಚುರುಕು ಕಾಗದ ಬರೆದು, ಅದೇ ಪತ್ರಿಕೇಲೇ ನಾಟಕ ವಿಮರ್ಶಕನಾಗಿ ಕೆಲಸ ಗಿಟ್ಟಿಸ್ಕೊಂಡ! 1966ರಲ್ಲಿ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ಮ್ಯಾಕ್‌ಬೆತ್, ಜೊತೆಗೆ ಫ್ರಾನ್ಸಿನ ನಟಿ ಸಿಮೋನ್ ಸಿನ್ಯೋರೆ, ಖಾಲಿ ರಂಗ, ಬಿಳೀ ಬೆಳಕು. ಅದೂ ನೆಲ ಕಚ್ಚಿತು.

ಹಾಗಂತ ರಂಗದಲ್ಲಿ ಸೋತ ಅನ್ನೋಕಾಗಲ್ಲ. 1953ರಲ್ಲಿ ಕೆನಡಾದ ಸ್ಟ್ರ್ಯಾಟ್‌ಫರ್ಡ್ ಊರಲ್ಲಿ ಶೇಕ್ಸ್‌ಪಿಯರ್ ಉತ್ಸವ ಶುರುವಾದಾಗ ಟೆಂಟಿನ ಕೆಳಗೆ ಮೂರನೇ ರಿಚರ್ಡ್ ಆಗಿ ನಿಂತವನು ಇವನೇ. 1964ರ ಟೋನಿ ಬಂದಿದ್ದು ಕವಿ ಡಿಲನ್ ಥಾಮಸ್ ಪಾತ್ರಕ್ಕೆ. ಎಪ್ಪತ್ತರ ದಶಕದಲ್ಲಿ ಆಲನ್ ಬೆನೆಟ್ ನಾಟಕಗಳು ಚೆನ್ನಾಗಿ ಓಡಿದ್ವು. ಆದ್ರೆ ಲಾರೆನ್ಸ್ ಆಲಿವಿಯೇ ಅನ್ನೋ ನಟನ ತರ ಇಡೀ ಥಿಯೇಟರಿಗೆ ಬೆಂಕಿ ಹಚ್ಚೋ ಶಕ್ತಿ ಇವನದ್ದಲ್ಲ, ಇವನದ್ದು ಹತ್ತಿರ ಬಂದು ನೋಡ್ಬೇಕಾದ ಕಲೆ. ಬಾಲ್ಕನೀಲಿ ಕೂತವನಿಗೆ ಕಣ್ರೆಪ್ಪೆ ಅಲುಗಿದ್ದು ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ.

ಫಾದರ್ ಬ್ರೌನ್ ಸಿನಿಮಾ ಶೂಟಿಂಗ್ ಫ್ರಾನ್ಸಿನ ಬರ್ಗಂಡಿ ಕಡೆ ಒಂದು ಹಳ್ಳೀಲಿ ನಡೀತಿತ್ತು, ಬಂದಿದ್ದು 1954ರಲ್ಲಿ. ಒಂದು ಸಂಜೆ ಕೆಲಸ ಮುಗಿಸಿ ಪಾದ್ರಿ ವೇಷದಲ್ಲೇ ರೂಮಿಗೆ ನಡ್ಕೊಂಡು ಹೋಗ್ತಿದ್ದಾನೆ, ಕತ್ತಲಾಗ್ತಾ ಇದೆ, ಹಿಂದಿಂದ ಒಬ್ಬ ಹುಡುಗ ಓಡಿ ಬಂದು ಫಾದರ್ ಅಂತ ಕರೆದು ಕೈ ಹಿಡ್ಕೊಂಡ. ಕೈ ಬೀಸ್ತಾ, ಕುಣೀತಾ, ಫ್ರೆಂಚಲ್ಲಿ ಪಟಪಟ ಅಂತ ಏನೇನೋ ಹೇಳ್ತಾ ಬಂದ. ಇವನಿಗೆ ಮಾತಾಡೋಕೆ ಭಯ, ಬಾಯಿ ಬಿಟ್ರೆ ವಿದೇಶಿ ಅಂತ ಗೊತ್ತಾಗಿ ಮಗು ಹೆದರಿಬಿಟ್ರೆ? ಸ್ವಲ್ಪ ದೂರ ಹೋದ್ಮೇಲೆ ಹುಡುಗ ನಮಸ್ಕಾರ ಹೇಳಿ ಬೇಲಿ ಸಂದೀಲಿ ನುಗ್ಗಿ ಮಾಯ. ಕ್ಯಾಥೊಲಿಕರ ಬಗ್ಗೆ ಅಷ್ಟೇನೂ ಒಳ್ಳೇ ಅಭಿಪ್ರಾಯ ಇಲ್ಲದಿದ್ದ ಮನುಷ್ಯ ಆ ದಿನ ಯೋಚನೆಗೆ ಬಿದ್ದ. ಒಂದು ಕಪ್ಪು ನಿಲುವಂಗಿ ಕಂಡ್ರೆ ಸಾಕು ಮಗು ಇಷ್ಟು ನಂಬುತ್ತೆ ಅಂದ್ರೆ ಆ ನಂಬಿಕೆಯಲ್ಲಿ ಏನಿದೆ ಅಂತ. ಅದಕ್ಕೂ ಮೊದಲು ಮಗ ಮ್ಯಾಥ್ಯೂಗೆ ಹನ್ನೊಂದನೇ ವಯಸ್ಸಲ್ಲಿ ಪೋಲಿಯೋ ಆಗಿ, ಅಪ್ಪ ದಾರೀಲಿ ಸಿಗೋ ಒಂದು ಚರ್ಚಿಗೆ ಹೋಗಿ ಸುಮ್ನೆ ಕೂತು ಬರೋದು ಅಭ್ಯಾಸ ಆಗಿತ್ತು. ಹುಡುಗ ಚೇತರಿಸ್ಕೊಂಡ. 1956ರಲ್ಲಿ ಗಿನ್ನೆಸ್ ಕ್ಯಾಥೊಲಿಕ್ ಆದ.

ಆ ಮಗನ ಕಾಲು ಒಂದು ಆಸ್ಕರ್ ಸಿನಿಮಾದಲ್ಲಿದೆ. ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್, 1957, ಶೂಟಿಂಗ್ ಶ್ರೀಲಂಕಾದ ಕಿತುಲ್ಗಲದಲ್ಲಿ. ಜಪಾನೀಯರ ಕೈಗೆ ಸಿಕ್ಕಿಬಿದ್ದ ಬ್ರಿಟಿಷ್ ಕರ್ನಲ್ ನಿಕೋಲ್ಸನ್, ಆಫೀಸರುಗಳು ಕೂಲಿ ಕೆಲಸ ಮಾಡಲ್ಲ ಅಂತ ಹಠ ಹಿಡಿದಿದ್ದಕ್ಕೆ ಅವನನ್ನ ಬಿಸಿಲಲ್ಲಿ ತಗಡಿನ ಗೂಡಲ್ಲಿ ಕೂಡಿ ಹಾಕ್ತಾರೆ. ಹೊರಗೆ ಬಿಟ್ಟಾಗ ಕ್ಯಾಂಪ್ ಕಮಾಂಡರ್ ಮನೆ ತನಕ ನಡೀಬೇಕು, ಅಷ್ಟೇ ದೃಶ್ಯ. ಮೈಯಲ್ಲಿ ಶಕ್ತಿ ಇಲ್ಲ, ಆದ್ರೆ ತನ್ನ ಸೈನಿಕರು ನೋಡ್ತಿದ್ದಾರೆ, ಬೆನ್ನು ನೆಟ್ಟಗಿಡಬೇಕು. ಮೊಣಕಾಲು ಹೇಳಿದ ಮಾತು ಕೇಳ್ತಿಲ್ಲ, ಪ್ರತಿ ಹೆಜ್ಜೆಯೂ ಒಂದು ಲೆಕ್ಕಾಚಾರ, ಬೀಳ್ತಾನೆ ಅನ್ನೋಷ್ಟ್ರಲ್ಲಿ ಇನ್ನೊಂದು ಹೆಜ್ಜೆ. ಪೋಲಿಯೋ ಆದ್ಮೇಲೆ ಮತ್ತೆ ನಡೆಯೋಕೆ ಕಲೀತಿದ್ದ ಮ್ಯಾಥ್ಯೂ ಹೆಂಗೆ ಹೆಜ್ಜೆ ಇಡ್ತಿದ್ದ ಅನ್ನೋದನ್ನೇ ಅಲ್ಲಿ ಇಟ್ಟಿದ್ದು ಅಂತ ಗಿನ್ನೆಸ್ ಹೇಳಿದ್ದಾನೆ, ತಾನು ಮಾಡಿದ ಕೆಲಸದಲ್ಲಿ ಅದೇ ಒಳ್ಳೇದು ಅಂತಲೂ. ಇದನ್ನ ತಿಳ್ಕೊಂಡ್ಮೇಲೆ ಆ ದೃಶ್ಯ ನೋಡೋಕೆ ಕಷ್ಟ ಆಗುತ್ತೆ. ಒಬ್ಬ ಅಪ್ಪ ಮಗನ ಕಷ್ಟವನ್ನ ಇಷ್ಟು ಕರಾರುವಾಕ್ಕಾಗಿ ನೋಡಿ ಇಟ್ಕೊಂಡಿದ್ದನಲ್ಲ, ಪ್ರೀತಿಯಿಂದಲೋ ಕಸುಬಿನ ಚಟದಿಂದಲೋ. ಎರಡೂ ಇರ್ಬೇಕು.

ಶೂಟಿಂಗ್ ಪೂರ್ತಿ ಲೀನ್ ಜೊತೆ ಜಗಳ. ಕರ್ನಲ್ ತಲೆ ತಿನ್ನೋ ಬೋರು ಮನುಷ್ಯ ಆಗಿರ್ಬೇಕು ಅಂತ ಲೀನ್, ಸ್ವಲ್ಪ ನಗು ಬೇಡ್ವಾ ಅಂತ ಇವನು. ಕೊನೇಲಿ ಲೀನ್, ಇಂಗ್ಲಿಷ್ ನಟರೆಲ್ಲ ಮನೆಗೆ ತೊಲಗಿ, ನಾಳೆಯಿಂದ ಒಬ್ಬ ಅಮೆರಿಕನ್ ಜೊತೆ ಕೆಲಸ, ದೇವರು ದೊಡ್ಡವನು ಅನ್ನೋ ಅರ್ಥದಲ್ಲಿ ಕೂಗಾಡಿದ. ಆ ಪಾತ್ರಕ್ಕೇ ಆಸ್ಕರ್ ಬಂತು.

ಇಷ್ಟಾದ್ರೂ ಇಬ್ಬರೂ ಬಿಡ್ಲಿಲ್ಲ. 1962ರ ಲಾರೆನ್ಸ್ ಆಫ್ ಅರೇಬಿಯಾದಲ್ಲಿ ರಾಜಕುಮಾರ ಫೈಸಲ್, 1965ರ ಡಾಕ್ಟರ್ ಝಿವಾಗೋ. ತಮಾಷೆ ಅಂದ್ರೆ ಎರಡು ವರ್ಷ ಮುಂಚೆ ಲಂಡನ್ ನಾಟಕವೊಂದರಲ್ಲಿ ಲಾರೆನ್ಸ್ ಪಾತ್ರ ಮಾಡಿದ್ದೇ ಗಿನ್ನೆಸ್, ಸಿನಿಮಾಗೆ ಬರೋಷ್ಟ್ರಲ್ಲಿ ವಯಸ್ಸಾಗಿತ್ತು.

ಸ್ಟಾರ್ ವಾರ್ಸ್ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಮುಗಿಸ್ತೀನಿ. 1976ರಲ್ಲಿ ಟ್ಯುನಿಷಿಯಾದ ಮರಳಲ್ಲಿ ಶುರು. ಡೈಲಾಗ್ ಕಸ ಅಂತ ಗೆಳತಿಗೆ ಕಾಗದ ಬರೀತಾನೆ, ಹ್ಯಾರಿಸನ್ ಫೋರ್ಡ್ ಹೆಸರು ನೆನಪಿಗೆ ಬರದೆ ಟೆನ್ನಿಸನ್ ಫೋರ್ಡ್ ಅಂತ ಬರೆದು, ಇರಲಾರದು ಅಂತ ತಾನೇ ಸೇರಿಸ್ತಾನೆ. ಆದ್ರೆ ಸಿನಿಮಾದ ಗಳಿಕೆಯಲ್ಲಿ ಒಂದು ಸಣ್ಣ ಪಾಲು ಬರೆಸ್ಕೊಂಡಿದ್ದ, ಸಾಯೋ ತನಕ ದುಡ್ಡಿನ ಚಿಂತೆ ಇರಲಿಲ್ಲ. ಒಬ್ಬ ಹುಡುಗ ಸಿಕ್ಕು ನೂರು ಸಲಕ್ಕಿಂತ ಜಾಸ್ತಿ ನೋಡಿದ್ದೀನಿ, ಆಟೋಗ್ರಾಫ್ ಕೊಡಿ ಅಂದ್ರೆ, ಇನ್ನು ಮುಂದೆ ನೋಡಲ್ಲ ಅಂತ ಮಾತು ಕೊಡ್ತೀಯಾ ಅಂತ ಕೇಳಿದ. ಮಗು ಅತ್ತುಬಿಡ್ತು, ತಾಯಿ ಸಿಟ್ಟಾದ್ಲು. ನಂಗೆ ಇದರಲ್ಲಿ ಗಿನ್ನೆಸ್ ಪರ ನಿಲ್ಲೋಕಾಗಲ್ಲ, ಮಗು ಹತ್ರ ಯಾಕೆ ಬೇಕಿತ್ತು. ಜೀವನ ಪೂರ್ತಿ ಯಾರೂ ಗುರುತು ಹಿಡೀಬಾರದು ಅಂತ ಬದುಕಿದೋನಿಗೆ ಅರವತ್ತು ದಾಟಿದ್ಮೇಲೆ, ತನಗೆ ಗೌರವ ಇಲ್ಲದ ಪಾತ್ರದಿಂದ, ಇಡೀ ಪ್ರಪಂಚ ಗುರುತು ಹಿಡಿಯೋ ಕಾಲ ಬಂತು, ಆ ಸಂಕಟ ಅರ್ಥ ಆಗುತ್ತೆ. ಆದ್ರೆ ಆ ಸಿನಿಮಾದಲ್ಲಿ ಕಣ್ಣಿಗೆ ಕಾಣೋ ಬೊಂಬೆ, ಮುಖವಾಡಗಳ ಮಧ್ಯೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ ಅನ್ಸೋದು ಇವನಿಂದಲೇ.

ಈಗ ರಾಮನಗರ. 1984ರ ಎ ಪ್ಯಾಸೇಜ್ ಟು ಇಂಡಿಯಾ, ಲೀನ್‌ನ ಕೊನೇ ಸಿನಿಮಾ. ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳು ಬಿಹಾರದ ಕಡೆಯವು, ಆದ್ರೆ ಸಿನಿಮಾದಲ್ಲಿ ಅವು ಸಾವನದುರ್ಗ, ರಾಮನಗರದ ಬಂಡೆಗಳು. ಬೆಂಗಳೂರು ಅರಮನೆ ಮೈದಾನದಲ್ಲಿ ಕತೆಯ ಊರಾದ ಚಂದ್ರಾಪುರದ ಬಜಾರಿನ ಸೆಟ್ಟು. ಶೋಲೆಯ ಬಂಡೆಗಳ ಊರಲ್ಲೇ ಇಂಗ್ಲೆಂಡಿನ ಸರ್‌ಗಳೆಲ್ಲ ಬಂದು ಬಿಸಿಲು ಕಾಯಿಸ್ಕೊಂಡು ಹೋಗಿದ್ದಾರೆ. ಪ್ರೊಫೆಸರ್ ಗೋಡ್ಬೋಲೆ ಅನ್ನೋ ದಖ್ಖನಿ ಬ್ರಾಹ್ಮಣನ ಪಾತ್ರಕ್ಕೆ ಲೀನ್ ಕರೆಸಿದ್ದು ಅಲೆಕ್ ಗಿನ್ನೆಸ್‌ನ, ಮುಖಕ್ಕೆ ಕಂದು ಬಣ್ಣ ಬಳಿದು. ಅಕ್ಕಪಕ್ಕದಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಶನ್ ಸೇಠ್ ಇದ್ದಾರೆ, ಅವರಿಗೆ ಆ ಬಣ್ಣ ಬೇಕಿಲ್ಲ. ಅಂಥ ನಟರಿರೋ ದೇಶಕ್ಕೇ ಬಂದು ಇಂಗ್ಲೆಂಡಿನಿಂದ ಗೋಡ್ಬೋಲೆನ ತರಿಸಿದ್ರಲ್ಲ ಅನ್ನೋ ಸಿಟ್ಟು ನಂಗೆ ಇವತ್ತಿಗೂ ಇದೆ.

ಸಿಟ್ಟು ಪಕ್ಕಕ್ಕಿಡೋಣ. ಗೋಡ್ಬೋಲೆ ಅಂದ್ರೆ ಒಳಗೇನಿದೆ ಅಂತ ಯಾರಿಗೂ ಗೊತ್ತಾಗದ ಮನುಷ್ಯ. ಒಳಗಿನದ್ದು ಬಚ್ಚಿಡೋದರಲ್ಲಿ ಗಿನ್ನೆಸ್‌ನ ಮೀರಿಸೋರಿಲ್ಲ, ಕಾಗದದ ಮೇಲೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ. ಆದ್ರೂ ಪರದೆ ಮೇಲೆ ಬಂದ್ರೆ ನಮ್ಮ ಕಡೆಯವರಿಗೆ ಎರಡೇ ಸೆಕೆಂಡಿಗೆ ಗೊತ್ತಾಗುತ್ತೆ. ಕೂರೋದು, ಕತ್ತು ತಿರುಗಿಸೋದು, ಮಾತಿನ ನಡುವೆ ಬಿಡೋ ಜಾಗ, ಯಾವುದೂ ಇಲ್ಲಿನದ್ದಲ್ಲ. ಎಂಟು ಇಂಗ್ಲಿಷ್ ಜಮೀನ್ದಾರರೊಳಗೆ ಗುರುತು ಸಿಗದ ಹಾಗೆ ಹೊಕ್ಕಿದವನು ಒಬ್ಬ ಮೇಷ್ಟ್ರೊಳಗೆ ಹೋಗೋಕಾಗ್ಲಿಲ್ಲ. ಯಾಕಂದ್ರೆ ಗುಮಾಸ್ತ, ಪಾದ್ರಿ, ಕರ್ನಲ್ಲು, ಸ್ವಂತ ಮಗ, ಇವರನ್ನೆಲ್ಲ ಆತ ವರ್ಷಗಟ್ಟಲೆ ನೋಡಿದ್ದ, ಗೋಡ್ಬೋಲೆಯಂಥವರನ್ನ ನೋಡಿರ್ಲಿಲ್ಲ. ಫೇಗಿನ್‌ಗೆ ಆದ ಕತೆಯೇ ಇಲ್ಲೂ ಆಗಿದ್ದು. ನೋಡಿ ಕಲಿತದ್ದು ಏನೂ ಇಲ್ಲದಾಗ ಉಳಿಯೋದು ಡಬ್ಬಿಯಲ್ಲಿರೋ ಬಣ್ಣ. ಇವನ ಒಂದು ಕುಣಿತದ ದೃಶ್ಯವನ್ನೂ ಲೀನ್ ಎಡಿಟಿಂಗಲ್ಲಿ ಹಾರಿಸ್ಬಿಟ್ಟ, ಇಬ್ಬರ ಸಂಬಂಧ ಇನ್ನಷ್ಟು ಹಳಸಿತು. ಕುಣಿತ ಹೋಗಿದ್ದು ಒಳ್ಳೇದೇ ಆಯ್ತು ಅನ್ಸುತ್ತೆ.

ಇದಕ್ಕೆ ಐದು ವರ್ಷ ಹಿಂದೆ, 1979ರಲ್ಲಿ, ಬಿಬಿಸಿಗೆ ಟಿಂಕರ್ ಟೇಲರ್ ಸೋಲ್ಜರ್ ಸ್ಪೈ ಮಾಡಿದ್ದ. ಏಳು ಎಪಿಸೋಡು. ಜಾರ್ಜ್ ಸ್ಮೈಲಿ ಅನ್ನೋ ರಿಟೈರ್ ಮಾಡಿಸಿದ ಗೂಢಚಾರ, ತನ್ನ ಹಳೇ ಆಫೀಸಿನಲ್ಲಿ ರಷ್ಯಾದ ಏಜೆಂಟ್ ಯಾರು ಅಂತ ಹುಡುಕಬೇಕು. ಲೇಖಕ ಜಾನ್ ಲೆ ಕಾರೆ ಹತ್ರ ಗಿನ್ನೆಸ್ ಒಂದು ಬೇಡಿಕೆ ಇಟ್ಟ, ನಿಜವಾದ ಗೂಢಚಾರರೊಬ್ಬರನ್ನ ತೋರಿಸು ಅಂತ. ಲೆ ಕಾರೆ ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡ್‌ರನ್ನ ಚೆಲ್ಸೀ ಕಡೆ ಒಂದು ರೆಸ್ಟೋರೆಂಟಿಗೆ ಊಟಕ್ಕೆ ಕರೆಸಿದ. ಊಟ ಪೂರ್ತಿ ಗಿನ್ನೆಸ್ ವಿನಯದಿಂದ ಮಾತು ಕೇಳ್ತಾ ಕೂತಿದ್ದ. ಅವರು ಎದ್ದು ಹೋದ್ಮೇಲೆ ಬೀದೀಲಿ ಅವರು ನಡ್ಕೊಂಡು ಹೋಗೋದನ್ನ ಕಣ್ಣಿಂದ ಮರೆಯಾಗೋ ತನಕ ನೋಡ್ದ. ಆಮೇಲೆ ಪ್ರಶ್ನೆಗಳು. ಆ ಬಣ್ಣದ ಶೂ ಎಲ್ಲಾ ಸ್ಪೈಗಳೂ ಹಾಕ್ತಾರಾ, ಆ ಕೊಡೆ ಸುಮ್ನೆ ಹಿಡ್ಕೊಂಡಿದ್ದಾ, ಗ್ಲಾಸಿನ ಒಳಗೆ ಬೆರಳಾಡಿಸಿದ್ರಲ್ಲ, ವಿಷದ ಗಸಿ ಇದೆಯಾ ಅಂತ ನೋಡೋಕಾ ಅಂತ.

ಸ್ಮೈಲಿಗೆ ಬಣ್ಣ ಇಲ್ಲ, ಮೂಗು ಇಲ್ಲ, ಗಡ್ಡ ಇಲ್ಲ. ದಪ್ಪ ಫ್ರೇಮಿನ ಕನ್ನಡಕ, ಮೈಗೆ ಸರಿ ಹೊಂದದ ಓವರ್‌ಕೋಟು, ಅಷ್ಟೇ. ಗಿನ್ನೆಸ್‌ನ ಸ್ವಂತ ಮುಖ ಪೂರ್ತಿ ಬಯಲಲ್ಲಿದೆ. ಆ ಮುಖ ಏನೂ ಮಾಡಲ್ಲ. ಎದುರಿಗಿರೋನು ಮಾತಾಡ್ತಾನೆ, ಸ್ಮೈಲಿ ಕೇಳ್ತಾನೆ, ಮಧ್ಯದಲ್ಲಿ ಕನ್ನಡಕ ತೆಗೆದು ಟೈ ತುದೀಲಿ ಒರೆಸ್ತಾನೆ, ಆ ಎರಡು ಕ್ಷಣ ಕಣ್ಣು ಮೆತ್ತಗೆ, ಬರಿಗಣ್ಣಿನ ಮುದುಕನ ಕಣ್ಣು. ಮತ್ತೆ ಕನ್ನಡಕ ಏರಿಸಿದ್ರೆ ಎದುರಿನವನು ತಾನು ಹೇಳ್ಬಾರದ್ದು ಹೇಳಿಯಾಗಿದೆ ಅಂತ ನಮಗೆ ಗೊತ್ತಾಗುತ್ತೆ, ಅವನಿಗೆ ಇನ್ನೂ ಗೊತ್ತಾಗಿಲ್ಲ. ಹೆಂಡತಿ ಆನ್ ಮೋಸ ಮಾಡಿರೋ ವಿಷಯ ಪ್ರತಿಯೊಬ್ಬರೂ ಆನ್ ಹೇಗಿದ್ದಾಳೆ ಅಂತ ಕೇಳೋ ನೆಪದಲ್ಲಿ ಚುಚ್ಚಿ ಹೋಗ್ತಾರೆ, ಪ್ರತಿ ಸಲ ಈ ಮುಖ ಒಂದು ಕೂದಲೆಳೆಯಷ್ಟು ಮುಚ್ಚಿಕೊಳ್ಳುತ್ತೆ. ತನ್ನ ಸ್ಮೈಲಿಯನ್ನ ಗಿನ್ನೆಸ್ ಕಿತ್ಕೊಂಡುಬಿಟ್ಟ, ಆಮೇಲೆ ಬರೆಯೋಕೆ ಕೂತ್ರೆ ಆ ಧ್ವನಿಯೇ ಕೇಳ್ತಿತ್ತು ಅಂತ ಲೆ ಕಾರೆ ಹೇಳ್ಕೊಂಡಿದ್ದಾನೆ. 1982ರಲ್ಲಿ ಮುಂದಿನ ಭಾಗ ಸ್ಮೈಲೀಸ್ ಪೀಪಲ್, ಎರಡಕ್ಕೂ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ.

ಆಮೇಲೆ 1987ರ ಲಿಟಲ್ ಡಾರಿಟ್‌ನಲ್ಲಿ ಸಾಲಗಾರರ ಜೈಲಿನಲ್ಲೇ ದೊಡ್ಡ ಮನುಷ್ಯನ ಠೀವಿ ಬಿಡದ ಮುದುಕ, ಅದಕ್ಕೆ ಕೊನೇ ಆಸ್ಕರ್ ನಾಮಿನೇಷನ್. ರಂಗದ ಮೇಲೆ ಕೊನೇ ಸಲ 1989ರಲ್ಲಿ. ಆಮೇಲೆ ಹ್ಯಾಂಪ್‌ಶೈರ್‌ನ ಸ್ಟೀಪ್ ಹಳ್ಳೀಲಿ ಹೆಂಡತಿ ಜೊತೆ ಇದ್ಕೊಂಡು ದಿನಚರಿ ಬರೆದು ಪ್ರಕಟಿಸ್ದ, ನಾಯಿ, ಹವಾಮಾನ, ಓದಿದ ಪುಸ್ತಕ, ಸತ್ತು ಹೋದ ಗೆಳೆಯರು, ಅಲ್ಲಲ್ಲಿ ಸ್ಟಾರ್ ವಾರ್ಸ್ ಮೇಲೆ ಗೊಣಗಾಟ. 2000ದ ಆಗಸ್ಟ್ 5ಕ್ಕೆ ಹೋದ, ಎಂಬತ್ತಾರು ವರ್ಷ. ಎರಡೂವರೆ ತಿಂಗಳಿಗೇ ಮೆರುಲಾನೂ ಹೋದ್ಲು.

ಈತನ್ನ ನೋಡಿಲ್ಲದೋರು ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದ್ರೆ ನಾನು ಎಂಟು ಸಂಬಂಧಿಕರ ಕಾಮಿಡಿ ಮೊದಲು ನೋಡಿ ಅಂತೀನಿ, ಎರಡು ಗಂಟೆಗಿಂತ ಕಮ್ಮಿ, ನಗ್ತಾ ನಗ್ತಾ ಮುಗಿಯುತ್ತೆ. ಆಮೇಲೆ ನೇರ ಟಿಂಕರ್ ಟೇಲರ್, ಸಿನಿಮಾ ಅಲ್ಲ, ಹಳೇ ಸೀರಿಯಲ್ಲು. ಮೊದಲ ಎಪಿಸೋಡು ಯಾರು ಯಾರು ಅಂತ ಏನೂ ಅರ್ಥ ಆಗಲ್ಲ, ಎರಡನೇದರಲ್ಲೂ ಅರ್ಧ ಆಗಲ್ಲ, ಮೊಬೈಲ್ ದೂರ ಇಟ್ಟು ಮೂರನೇದಕ್ಕೆ ಬನ್ನಿ, ಆಮೇಲೆ ನಾನು ಏನೂ ಹೇಳ್ಬೇಕಾಗಿಲ್ಲ.